ತುಪ್ಪ ಕಲಸುವ ಕೈ

ಹೆಣ ಕೊಯ್ಯುವ ಕೋಣೆಗೆ ಕಾಲಿಟ್ಟರೆ ಸಾಕು, ಕೆಬಿರುಂಗಿಗೆ ಹಸಿವಾಗುತ್ತಿತ್ತು.

ಮೊದಮೊದಲು ಅದು ತನಗೊಬ್ಬಳಿಗೇ ಅಂಟಿದ ರೋಗ ಎಂದುಕೊಂಡಿದ್ದಳು. ಫಾರ್ಮಲಿನ್ ವಾಸನೆ ಕಣ್ಣಿಗೆ ಖಾರ ಎರಚಿದ ಹಾಗೆ ಹೊಡೆಯುವುದು, ಮೂಗು ಸೋರುವುದು, ಅದರ ಬೆನ್ನಿಗೇ ಹೊಟ್ಟೆ ಗುರುಗುಟ್ಟಿ ಬಾಯಲ್ಲಿ ನೀರೂರುವುದು. ಎದುರಿಗೆ ತಗಡಿನ ಮೇಜಿನ ಮೇಲೆ ಯಾರದೋ ಮನೆಯ ಗಂಡಸು ಅಂಗಾತ ಮಲಗಿದ್ದಾನೆ, ತಾನು ಊಟದ ಗಂಟೆಯ ದಾರಿ ಕಾಯುತ್ತಿದ್ದೇನೆ. ತನ್ನ ಹೊಟ್ಟೆಯ ಮೇಲೆ ತನಗೇ ಅಸಹ್ಯವಾಗುತ್ತಿತ್ತು. ಅದೇ ಮೇಜಿನಲ್ಲಿ ಅವಳ ಜೊತೆ ಡಾಕ್ಟರಿಕೆ ಓದುತ್ತಿದ್ದ ಒಬೋನ್ಯೊ, ದನ ಸಾಕುವ ಗುಡ್ಡದವಳೆಂದು ಅವಳನ್ನು ಛೇಡಿಸುವ ಉತ್ತರ ಸೀಮೆಯ ಉದ್ದನೆಯ ಹುಡುಗ, ಒಂದು ದಿನ ತಾನಾಗಿ ಬಾಯಿಬಿಟ್ಟ.

"ಏ ದನದೋಳೇ, ನಿಂಗೂ ಹಸಿವಾಗುತ್ತಾ? ಈ ವಾಸನೆ ಎಲ್ರಿಗೂ ಹಂಗೇ ಮಾಡುತ್ತಂತೆ. ನಂಗಂತೂ ಹುರಿದ ಮೀನು ಕಣ್ಮುಂದೆ ಬರುತ್ತೆ."

"ಥೂ, ನಿನ್ನ ಬಾಯಿಗಿಷ್ಟು ಮಣ್ಣು ಹಾಕ."

ರಜೆಗೆ ಮುಂಚಿನ ವಾರ ಹೊಟ್ಟೆಯ ಭಾಗ ಬಂತು. ಚರ್ಮವನ್ನು ಎರಡು ಕಡೆಗೂ ಬಾಗಿಲಿನಂತೆ ತೆರೆದರೆ ಒಳಗೆ ಬೆರಳುದ್ದ ದಪ್ಪಕ್ಕೆ ಕೊಬ್ಬು. ಅದನ್ನೆಲ್ಲ ತೆಗೆದ ಮೇಲೇ ಕೆಳಗಿನ ಸ್ನಾಯು ಕಾಣುವುದು. ಕತ್ತಿಗೆ ಕೆಲಸವಿಲ್ಲ, ಬೆರಳಲ್ಲೇ ಕೆರೆದು ಕೆರೆದು ತೆಗೆಯಬೇಕು. ಹಳದಿ ಹಳದಿ ಹರಳು, ಬಹಳ ಹೊತ್ತು ಕೈಯಾಡಿದರೆ ಕರಗಿ ಎಣ್ಣೆಯಾಗಿ ಮೊಣಕೈವರೆಗೆ ಇಳಿಯುತ್ತಿತ್ತು. ಕೈಗವಸುಗಳು ಹರಿದವು. ಹರಿದ ಮೇಲೂ ಕೆಲಸ ನಿಲ್ಲಿಸುವ ಹಾಗಿರಲಿಲ್ಲ. ಉಗುರಿನ ಸಂದಿಗೆ ಹೊಕ್ಕಿದ್ದು ಸಾಬೂನಿಗೆ ಬಗ್ಗಲಿಲ್ಲ, ನಿಂಬೆಹಣ್ಣಿಗೆ ಬಗ್ಗಲಿಲ್ಲ. ತಿಕ್ಕಿ ತಿಕ್ಕಿ ಬೆರಳ ತುದಿಯ ಚರ್ಮ ಸುಲಿದದ್ದೇ ಬಂತು.

ಅಕ್ಕ ತುಶೆಮೆಯನ್ನು ಗಂಡಿನ ಮನೆಗೆ ಒಪ್ಪಿಸಿಕೊಡುವ ಶಾಸ್ತ್ರ ಆ ರಜೆಯಲ್ಲೇ ಇತ್ತು. ಕಂಪಾಲಾದಿಂದ ವ್ಯಾನು ಹತ್ತಿ, ಕೊನೆಯ ಗುಡ್ಡವನ್ನು ಬೈಕಿನ ಹಿಂದೆ ಕೂತು ಹತ್ತಿ ಮನೆ ಮುಟ್ಟಿದಾಗ ಅಂಗಳದಲ್ಲಿ ಚಪ್ಪರ ಎದ್ದಿತ್ತು. ಉದ್ದಕೊಂಬಿನ ದನಗಳು ದೊಡ್ಡಿಗೆ ಮರಳುತ್ತಿದ್ದವು. ಅವ್ವ ಓಡಿಬಂದು ಮಗಳನ್ನು ಅಪ್ಪಿಕೊಂಡವಳು ಹಾಗೇ ಕಿವಿಗೆ ಬಾಯಿ ಹಚ್ಚಿದಳು.

"ಹೆಣದ ಮಾತು ಇಲ್ಲಿ ಎತ್ತಬೇಡ. ಮಾತ್ರೆ, ಇಂಜೆಕ್ಷನ್ನು ಕಲೀತಾಳೆ ಅಂತ ಎಲ್ರಿಗೂ ಹೇಳಿದೀನಿ."

"ಆಯ್ತವ್ವಾ."

"ನಾಳೆ ಎಶಾಬ್ವೆ ನೀನೇ ಕಲಸಬೇಕು."

ಕೆಬಿರುಂಗಿ ಅಲ್ಲೇ ನಿಂತುಬಿಟ್ಟಳು. ಈ ಗುಡ್ಡಗಳಲ್ಲಿ ಮದುವೆಯೂಟಕ್ಕೆ ಎಷ್ಟು ಹೋರಿ ಕೊಯ್ದರೂ ಎಶಾಬ್ವೆ ಇಲ್ಲದಿದ್ದರೆ ಬೀಗರು ಹೆಣ್ಣು ಕರೆದುಕೊಂಡು ಹೋಗುವುದಿಲ್ಲ. ಹಳೆಯ ತುಪ್ಪಕ್ಕೆ ಕಲ್ಲುಪ್ಪಿನ ತಿಳಿನೀರು ಹನಿಹನಿಯಾಗಿ ಬೆರೆಸಿ, ಹಾಲಿನಷ್ಟು ಬಿಳುಪಾಗುವ ತನಕ ಕೈಯಲ್ಲಿ ತಿರುವಬೇಕು. ಕೈ ಬಿಸಿಯಾದರೆ ತುಪ್ಪ ಕರಗಿ ಒಡೆಯುತ್ತದೆ. ಮನೆಯಲ್ಲಿ ತಣ್ಣನೆಯ ಕೈ ಕೆಬಿರುಂಗಿಯದು. ಹತ್ತು ವರ್ಷದವಳಿದ್ದಾಗಲೇ ಅಜ್ಜಿ ಆ ಕೈಯನ್ನು ಕೆನ್ನೆಗೆ ಒತ್ತಿಕೊಂಡು ಇದು ತುಪ್ಪದ ಕೈ ಎಂದು ಹೆಸರಿಟ್ಟಿದ್ದಳು. ಅದೇ ಅಜ್ಜಿ ಸತ್ತಾಗ ಹೆಣ ತೊಳೆದ ಹೆಂಗಸರು ಎಷ್ಟೋ ದಿನ ಹಾಲಿನ ಪಾತ್ರೆಯ ಹತ್ತಿರ ಸುಳಿದಿರಲಿಲ್ಲ.

"ಅವ್ವಾ, ಈ ಕೈಯಲ್ಲಿ..."

"ತೊಳ್ಕೊಂಡಿದೀಯ ತಾನೇ? ಬೀಗರಿಗೆ ಗೊತ್ತಾದ್ರೆ ಒಂದು ತುತ್ತೂ ಮುಟ್ಟದೆ ಎದ್ದು ಹೋಗ್ತಾರೆ. ನಿಮ್ಮಕ್ಕನ ಬಾಳು ಕಣೇ. ಬಾಯಿ ಮುಚ್ಕೊಂಡು ಕಲಸು."

ಮರುದಿನ ಬೀಗರು ಬಂದು ಚಪ್ಪರದಲ್ಲಿ ಕೂತರು. ಗಂಡಸರು ಶಾಸ್ತ್ರದಂತೆ ತಮ್ಮ ತಮ್ಮ ದನಗಳನ್ನು ಹೊಗಳುವ ಪದ ಶುರು ಮಾಡಿದರು. ಹಿತ್ತಲ ಕೋಣೆಯಲ್ಲಿ ಸೋದರತ್ತೆ ಮುಕಂಕುಸಿ, ಪರಿಮಳದ ಹುಲ್ಲಿನ ಹೊಗೆ ಹಾಕಿ ಮರದ ಹಾಲುಪಾತ್ರೆಗಳನ್ನು ಘಮಗುಟ್ಟಿಸುತ್ತಿದ್ದಳು. ಅಣ್ಣನ ಮನೆಯ ಶಾಸ್ತ್ರಗಳೆಲ್ಲ ಅವಳ ಹಿಡಿತದಲ್ಲಿ. ದಪ್ಪ ಮೈ, ಸಣ್ಣ ಕಣ್ಣು, ಬಿಟ್ಟ ಬಾಣದಂಥ ನಾಲಿಗೆ.

"ಬಾರೇ ಡಾಕ್ಟ್ರಮ್ಮ. ಅಲ್ಲಿ ಅನ್ನ ಹಾಕಲ್ವಾ ನಿಂಗೆ? ಹಾಲು ಬಿಡಿಸಿದ ಕರು ಹಂಗಾಗಿದೀಯಲ್ಲ."

ತುಪ್ಪದ ಮಡಕೆಯ ಬಾಯಿ ಬಿಚ್ಚಿ ದೊಡ್ಡ ಬೋಗುಣಿಗೆ ಸುರಿದಳು. ಕೆಬಿರುಂಗಿ ನೋಡಿದಳು. ಹಳದಿ ಹಳದಿ ಹರಳು. ನಡುನಡುವೆ ನಸು ಎಣ್ಣೆ.

ಕೈ ಇಳಿಸಿದಳು. ಹರಳು ಬೆರಳಿನ ಸಂದಿಯಲ್ಲಿ ಅದುಮಿ ಜಾರಿದ ರೀತಿ, ಅಂಗೈ ತುಂಬಿಕೊಂಡ ರೀತಿ, ಎಲ್ಲ ಅದೇ. ಬೆರಳ ತುದಿ ತಾನಾಗಿ ಕೆಳಗಿನ ಸ್ನಾಯು ಹುಡುಕಲು ಹೊರಟಿತು. ಬೋಗುಣಿಯ ತಳ ಸಿಕ್ಕಿ ಬೆಚ್ಚಿದಳು. ಎಶಾಬ್ವೆ ಕಲಸುವಾಗ ಮಾತಾಡಬಾರದು ಎಂಬ ಕಟ್ಟಳೆ ಅವಳನ್ನು ಉಳಿಸಿತು. ಹಲ್ಲು ಕಚ್ಚಿ ತಿರುವಿದಳು. ಅತ್ತೆ ಹನಿಹನಿ ಉಪ್ಪುನೀರು ಬಿಟ್ಟಳು. ಹಳದಿ ಮಾಸಿ ಕೆನೆಯಾಯಿತು, ಕೆನೆ ಹೋಗಿ ಹಾಲಿನ ಬಿಳುಪಾಯಿತು. ಆಗ ಅವಳ ಹೊಟ್ಟೆ ಗುರುಗುಟ್ಟಿತು. ಹಸಿವು. ಮೇಜಿನ ಮುಂದೆ ಆಗುತ್ತಿದ್ದ ಅದೇ ಕೆಟ್ಟ ಹಸಿವು. ಅದರ ಹಿಂದೆಯೇ ಬಾಯಿತುಂಬ ತೆಳ್ಳನೆಯ ಜೊಲ್ಲು ಬಂತು. ವಾಂತಿಗೆ ಮುಂಚೆ ಹಲ್ಲು ಕಾಯಲು ಮೈ ಹೀಗೆ ಜೊಲ್ಲು ಕಳಿಸುತ್ತದೆ ಎಂದು ಪಾಠದಲ್ಲಿ ಓದಿದ್ದಳು. ಓದಿದ್ದರಿಂದ ತಡೆಯಲಾಗಲಿಲ್ಲ.

ಅತ್ತೆ ಬೆರಳಲ್ಲಿ ತೆಗೆದು ನೆಕ್ಕಿದಳು. "ಆಹಾ! ಏನು ಕೈ ಕಣೇ ನಿಂದು. ತಗೋ, ನೀನೂ ರುಚಿ ನೋಡು," ಎಂದು ಇನ್ನೊಂದು ಬೆರಳನ್ನು ಅವಳ ಬಾಯಿಯ ಹತ್ತಿರ ತಂದಳು.

ಕೆಬಿರುಂಗಿ ಎದ್ದು ಹೊರಗೋಡಿ ಬಾಳೆಯ ಬುಡದಲ್ಲಿ ಕಾರಿಕೊಂಡಳು.

ತಲೆಯೆತ್ತಿದರೆ ಎದುರಿಗೇ ಗಂಡಿನ ದೊಡ್ಡಮ್ಮ. ಕೈಕಾಲು ತೊಳೆಯಲು ಹಿತ್ತಲಿಗೆ ಬಂದಿದ್ದವಳು, ಹುಡುಗಿಯ ಮುಖ ನೋಡಿದಳು, ಹೊಟ್ಟೆ ನೋಡಿದಳು, ಬಾಗಿಲಲ್ಲಿ ನಿಂತ ಮುಕಂಕುಸಿಯನ್ನು ನೋಡಿದಳು.

"ತುಪ್ಪದ ವಾಸನೆ ಆಗ್ತಿಲ್ವೇನೋ ಪಾಪ," ಎಂದಳು ಮೆಲ್ಲಗೆ. "ದೊಡ್ಡೋಳಿಗಿಂತ ಚಿಕ್ಕೋಳೇ ಅವಸರದಲ್ಲಿದ್ದಾಳೆ." ಸೆರಗು ಸರಿಮಾಡಿಕೊಂಡು ಚಪ್ಪರದ ಕಡೆ ನಡೆದಳು.

ಅತ್ತೆ ಹುಡುಗಿಯ ರಟ್ಟೆ ಹಿಡಿದು ಒಳಗೆಳೆದು ಬಾಗಿಲು ಹಾಕಿದಳು.

"ಯಾರ ಪಿಂಡನೇ ಅದು?"

"ಅತ್ತೆ, ದಮ್ಮಯ್ಯ, ಅದಲ್ಲ..."

"ನಾನು ಏಳು ಹೆತ್ತೋಳು. ತುಪ್ಪ ಕಂಡು ಓಡೋ ಹುಡುಗೀರು ನಂಗೆ ಗೊತ್ತಿಲ್ವಾ? ತಂಗಿನೇ ಬಸುರಿ ಅಂದ್ರೆ ಅಕ್ಕ ಹೆಂಗೋ ಅಂತ ಅವರು ಈಗಲೇ ಗುಸುಗುಸು ಶುರು ಮಾಡಿರ್ತಾರೆ. ಬೊಗಳು!"

ಕೆಬಿರುಂಗಿಗೆ ದಾರಿ ಎರಡೇ ಉಳಿದಿದ್ದವು, ಬಸುರಿನ ಸುಳ್ಳು ಇಲ್ಲವೇ ಹೆಣದ ನಿಜ, ಎರಡೂ ಅಕ್ಕನ ಕೊರಳಿಗೇ ಹೋಗುತ್ತಿದ್ದವು. ತೋಳಿನ ತನಕ ಬೆಳ್ಳಗೆ ಬಳಿದುಕೊಂಡಿದ್ದ ಕೈಯನ್ನು ಮುಂದೆ ಚಾಚಿ ಎಲ್ಲ ಹೇಳಿದಳು. ಮೇಜು, ಗಂಡಸು, ಕೊಬ್ಬು, ಹರಿದ ಕೈಗವಸು.

ಅತ್ತೆ ನಾಲಿಗೆಯನ್ನು ಅಂಗುಳಕ್ಕೆ ಒಮ್ಮೆ ತಾಗಿಸಿ ನೋಡಿದಳು. ಇನ್ನೂ ತುಪ್ಪದ ರುಚಿ ಇದ್ದಿರಬೇಕು. ಮುಖ ಹುಳಿ ಕಚ್ಚಿದಂತಾಯಿತು. ಗೋಡೆಯ ತನಕ ಹಿಂದೆ ಸರಿದು ಬಟ್ಟೆಯ ಅಂಚಿನಿಂದ ನಾಲಿಗೆ ಒರೆಸಿದಳು, ಮತ್ತೆ ಮತ್ತೆ ಒರೆಸಿದಳು.

"ಇದಕ್ಕಿಂತ ಬಸುರಿ ಆಗಿದ್ರೇ ವಾಸಿಯಿತ್ತಲ್ಲೇ," ಎಂದಳು ಕೊನೆಗೆ. "ಅದಾದ್ರೆ ಒಂಬತ್ತು ತಿಂಗಳಿಗೆ ಕಳೀತಿತ್ತು."

"ಚೆಲ್ಲಿಬಿಡೋಣ ಅತ್ತೆ. ನೀವೇ ಬೇರೆ ಕಲಸಿ."

"ಯಾವ ತುಪ್ಪದಲ್ಲಿ? ಇದ್ದಿದ್ದೇ ಅಷ್ಟು. ಚೆಲ್ಲಿದ್ರೆ ಯಾಕೆ ಚೆಲ್ಲಿದ್ರಿ ಅಂತ ಕೇಳಲ್ವಾ?" ಹೊರಗೆ ಊಟಕ್ಕೆ ಕರೆಯುವ ಸದ್ದಾಯಿತು. ಅತ್ತೆ ಬೋಗುಣಿಯನ್ನು ನೋಡಿದಳು. ಅಷ್ಟು ಬೆಳ್ಳನೆಯ ಎಶಾಬ್ವೆ ಆ ಮನೆಯಲ್ಲಿ ಅಜ್ಜಿ ಹೋದ ಮೇಲೆ ಆಗಿರಲಿಲ್ಲ. "ಎಷ್ಟು ಸಲ ತೊಳೆದಿದೀಯ?"

ಸುಲಿದ ಬೆರಳ ತುದಿಗಳನ್ನು ಕೆಬಿರುಂಗಿ ತೋರಿಸಿದಳು. ಅತ್ತೆ ಬಗ್ಗಿ, ಮುಟ್ಟದೆ ಮೂಸಿದಳು.

"ತುಪ್ಪ ಬಿಟ್ರೆ ಏನೂ ಇಲ್ಲ. ಇರೋದೆಲ್ಲ ಇನ್ನು ನಿನ್ನ ತಲೇಲಿ, ನನ್ನ ತಲೇಲಿ. ಆ ಹೆಂಗಸಿನ ಬಾಯಿ ಮುಚ್ಚಬೇಕು ಅಂದ್ರೆ ಅವಳ ಕಣ್ಣೆದುರಿಗೇ ನೀನಿದನ್ನ ತಿನ್ನಬೇಕು. ಬಸುರಿ ತಿನ್ನಲ್ಲ. ತಿಂದ ಮೇಲೆ ಉಗಿಯಲೂ ಬಾರದು."

"ನನ್ ಕೈಲಾಗಲ್ಲ ಅತ್ತೆ."

"ನಾನು ನಿನ್ನ ಮಗ್ಗುಲಲ್ಲೇ ಕೂತ್ಕೊಂಡು ತಿಂತೀನಿ. ಗೊತ್ತಿದ್ದೂ ತಿನ್ನೋರು ಇಬ್ಬರೇ. ಮುಖ ಗಂಟು ಹಾಕಿದ್ರೆ ಕೊಂದುಬಿಡ್ತೀನಿ."

ಹೆಂಗಸರ ಸಾಲಿನಲ್ಲಿ ರಾಗಿ ಮುದ್ದೆ, ಮಾಂಸ, ನಡುವೆ ಎಶಾಬ್ವೆ. ದೊಡ್ಡಮ್ಮ ಎದುರಿಗೇ ಕೂತಿದ್ದಳು. ಮುಕಂಕುಸಿ ಮುದ್ದೆ ಮುರಿದು, ಬೆರಳಲ್ಲಿ ಕುಳಿ ಮಾಡಿ, ಬಿಳಿಯದನ್ನು ತುಂಬಿಕೊಂಡು ಬಾಯಿಗಿಟ್ಟಳು. ಜಗಿದಳು. ನಕ್ಕಳು. "ನಮ್ಮ ಹುಡುಗಿಗೆ ದಾರೀಲಿ ತಿಂದ ಕೋಳಿ ಆಗಿಬರಲಿಲ್ಲ ನೋಡಿ. ವ್ಯಾನಿನ ಕಿಟಕೀಲಿ ಮಾರ್ತಾರಲ್ಲ, ಆ ದರಿದ್ರದ್ದು. ತಿನ್ನು ಮಗಾ, ಹೊಟ್ಟೆ ಖಾಲಿ ಇಟ್ಕೋಬೇಡ."

ಕೆಬಿರುಂಗಿ ಅದ್ದಿದಳು, ಬಾಯಿಗಿಟ್ಟಳು. ತಣ್ಣಗೆ, ನುಣ್ಣಗೆ, ಅದು ನಾಲಿಗೆಯ ಮೇಲೆ ಕರಗಿ ಹಲ್ಲಿಗೆಲ್ಲ ಬಳಿದುಕೊಂಡಿತು. ಕಣ್ಣಲ್ಲಿ ನೀರು ನಿಂತಿತು. ದೊಡ್ಡಮ್ಮನ ನೋಟ ಅವಳ ಗಂಟಲ ಮೇಲಿತ್ತು. ಆ ಗಂಟಲಲ್ಲಿ ಇಳಿಯಬೇಕಾದ ದಾರಿಯ ಒಂದೊಂದು ತಿರುವೂ ಕೆಬಿರುಂಗಿಗೆ ಬಾಯಿಪಾಠ. ನುಂಗಿದಳು. ಮತ್ತೆ ಅದ್ದಿದಳು. ಪಕ್ಕದಲ್ಲಿ ಅತ್ತೆ ನಗುನಗುತ್ತಲೇ ಮತ್ತೊಂದು ತುಂಡು ಮುದ್ದೆ ಮುರಿದಳು.

ಮೂರನೆಯ ತುತ್ತಿಗೆ ದೊಡ್ಡಮ್ಮನ ಕಣ್ಣು ಸಡಿಲವಾಯಿತು. "ಎಂಥಾ ಎಶಾಬ್ವೆ! ಯಾರ ಕೈ ಇದು?" ಎಂದು ಮಣಿಕಟ್ಟಿಗಿಳಿದಿದ್ದನ್ನು ನಾಲಿಗೆಯಿಂದಲೇ ಒರೆಸಿಕೊಂಡಳು. ಸಾಲಿನುದ್ದಕ್ಕೂ ಹೆಂಗಸರು ಬೆರಳು ಚೀಪುತ್ತಿದ್ದರು. ಕೆಬಿರುಂಗಿ ಕಣ್ಣು ಮುಚ್ಚಿಕೊಂಡಳು.

ಇಳಿಹೊತ್ತಿಗೆ ತುಶೆಮೆಯನ್ನು ಕಾರಿಗೆ ಹತ್ತಿಸಿದರು. ಧೂಳು ಅಡಗುವ ಮೊದಲೇ ಅತ್ತೆ ಸರಸರನೆ ದೊಡ್ಡಿಯ ಹಿಂದಕ್ಕೆ ಹೋದಳು. ಕೆಬಿರುಂಗಿ ಹಿಂಬಾಲಿಸಿದಳು. ಅತ್ತೆ ಬೇಲಿ ಹಿಡಿದು ಬಗ್ಗಿ, ಕರುಳೇ ಕಿತ್ತುಬರುವ ಹಾಗೆ ಕಾರುತ್ತಿದ್ದಳು. ಆ ವಯಸ್ಸಿಗೆ ಅದನ್ನು ಕಂಡು ಯಾರೂ ಏನೂ ಅನ್ನುವ ಹಾಗಿರಲಿಲ್ಲ.

ಕೆಬಿರುಂಗಿ ಬೆನ್ನು ನೀವಲು ಕೈ ಚಾಚಿದಳು.

"ಮುಟ್ಟಬೇಡ," ಎಂದಳು ಅತ್ತೆ, ತಲೆಯೆತ್ತದೆ.

ಕೈ ಗಾಳಿಯಲ್ಲೇ ನಿಂತಿತು. ಕೆಬಿರುಂಗಿ ಒಳಗೆ ಹೋಗಿ ಸೋರೆಬುರುಡೆಯಲ್ಲಿ ನೀರು ತಂದು, ಅತ್ತೆಗೆ ಕೈ ತಗುಲದಂತೆ ಬೇಲಿಯ ಗೂಟದ ಮೇಲಿಟ್ಟು ದೂರ ನಿಂತಳು. ಅತ್ತೆ ನೀರನ್ನೊಮ್ಮೆ, ಅವಳನ್ನೊಮ್ಮೆ ನೋಡಿದಳು. ಬಾಯಿ ಮುಕ್ಕಳಿಸಿ ಉಗಿದಳು.

"ಯಾವಾಗ ಹೋಗ್ತೀಯ?"

"ಸೋಮವಾರ."

"ಇನ್ನೂ ಎಷ್ಟು ದಿನ ಅವನನ್ನ ಕೊಯ್ಯೋದಿದೆ?"

"ವರ್ಷ ಮುಗಿಯೋ ತನಕ."

ಅತ್ತೆ ಮತ್ತೊಮ್ಮೆ ಓಕರಿಸಿದಳು, ಏನೂ ಬರಲಿಲ್ಲ. "ಅಲ್ಲೀವರೆಗೆ ನಮ್ಮ ತುಪ್ಪದ ಹತ್ತಿರ ಬಂದ್ರೆ ಕಾಲು ಮುರೀತೀನಿ," ಎಂದು ಹೇಳಿ, ಉಳಿದ ನೀರನ್ನು ಕುಡಿದಳು.