ಒಲೆಯ ಹಿಂದಿನ ಉಸಿರು

ಈ ಭೂಮಿಗೆ ನನ್ನಷ್ಟು ತೂತು ಹೊಡೆದವನು ಇನ್ನೊಬ್ಬ ಹುಟ್ಟಿಲ್ಲ. ನಾನು ಕೊರೆದ ತೂತುಗಳನ್ನೆಲ್ಲ ಒಂದರ ತುದಿಗೆ ಒಂದು ಜೋಡಿಸಿದರೆ ಚಂದ್ರನವರೆಗೆ ಹೋಗಿ, ಅಲ್ಲೊಂದು ಲೋಟ ಕಾಫಿ ಕುಡಿದು, ಚಿಲ್ಲರೆ ವಾಪಸು ಇಸಕೊಂಡು ಬರಬಹುದು. ಸೇತುವೆಯೋ ಆಸ್ಪತ್ರೆಯೋ ಏಳುವ ಮೊದಲು ನೆಲ ಕೊರೆದು, ಒಳಗಿನ ಕಲ್ಲನ್ನು ಕಬ್ಬಿನ ಜಲ್ಲೆಯಂತೆ ಉದ್ದಕ್ಕೆ ಹೊರತೆಗೆದು, ‘ಇಗೋ, ಇದರ ಮೇಲೆ ಕಟ್ಟಿ’ ಎಂದು ತೋರಿಸುವುದು ನನ್ನ ಕಸುಬು. ನಾನು ಕೆಮ್ಮಿದರೆ ಬಂಡೆಗಳು ಎದ್ದು ನಿಲ್ಲುತ್ತವೆ. ದೆವ್ವಗಳ ಮಾತು ಬಿಡಿ. ಕತ್ತಲಲ್ಲಿ ನನ್ನನ್ನು ಕಂಡರೆ ಅವೇ ಪಕ್ಕಕ್ಕೆ ಸರಿದು ದಾರಿ ಬಿಡುತ್ತವೆ.

ಇಂಥ ನಾನು ಅಕ್ಕನ ಅಡುಗೆಮನೆಯಲ್ಲಿ, ಒಲೆಯ ಹಿಂದಿನ ಮೂಲೆಗೆ ಮುಖ ಒಡ್ಡಿ ಕೂತು, ಬಾಯಿ ಒಣಗಿಸಿಕೊಂಡ ಕತೆ ಇದು.

ಕರೆಸಿದ್ದು ಅಕ್ಕನ ಮಗಳು. ಅವಳು ಬಸ್ಸು ಓಡಿಸುತ್ತಾಳೆ. ಮಾತೂ ಹಾಗೆಯೇ, ನಡುವೆ ನಿಲ್ದಾಣವಿಲ್ಲ. ‘ಮಾಮ, ಅಮ್ಮ ನನ್ನ ಮನೆಗೆ ಬರಲ್ಲ ಅಂತಾಳೆ. ಅಪ್ಪ ಅಡುಗೆಮನೇಲಿ ಉಸಿರಾಡ್ತಿದಾರಂತೆ. ಇಲ್ಲ ಅಂತ ತೋರಿಸಿದ್ರೆ ಬರ್ತಾಳಂತೆ, ಇದಾರೆ ಅಂದ್ರೆ ಅಲ್ಲೇ ಇರ್ತಾಳಂತೆ. ಗೋಡೆ ನೋಡಿದ್ರೆ ನಂಗೆ ಭಯ ಆಗುತ್ತೆ. ನೀನು ದೊಡ್ಡ ಬಾಯಿ ಬಿಡ್ತೀಯಲ್ಲ, ಒಂದ್ಸಲ ಕೆಲಸಕ್ಕೂ ಬಾ.’

ಭಾವ ತೀರಿಕೊಂಡು ಆಗ ಒಂದು ವರ್ಷವಾಗುತ್ತ ಬಂದಿತ್ತು. ಕಾಲೇಜಿನಲ್ಲಿ ಭೂವಿಜ್ಞಾನ ಹೇಳಿಕೊಡುತ್ತಿದ್ದ ಅವರನ್ನು ಊರೆಲ್ಲ ಕಲ್ಲು ಮೇಷ್ಟ್ರು ಎನ್ನುತ್ತಿತ್ತು. ಅವರ ಜೊತೆ ಊಟಕ್ಕೆ ಕೂತರೆ ತುತ್ತಿಗೊಂದು ಪಾಠ. ‘ಉಪ್ಪು ಹಾಕ್ಕೊಳೋ ತೂತಪ್ಪ, ಒಂದು ಸಮುದ್ರ ಒಣಗಿ ಸತ್ತಿದೆ ನಿನ್ನ ಊಟಕ್ಕೆ’ ಎನ್ನುತ್ತಿದ್ದರು. ಕೈಯಲ್ಲಿನ ಲೋಟ ಮರಳು, ತಟ್ಟೆ ಯಾವುದೋ ಬೆಟ್ಟದ ಹೊಟ್ಟೆ, ಗೋಡೆಯ ಸುಣ್ಣ ಕೋಟಿ ಚಿಪ್ಪುಹುಳುಗಳ ಮೂಳೆ. ‘ಮನೆ ಅಂದ್ರೇನು? ನೆಲವನ್ನೇ ಎತ್ತಿ ನಿಲ್ಲಿಸಿರೋದು. ಅದಕ್ಕೆ ಯಾವಾಗಲೂ ಮತ್ತೆ ಮಲಗೋ ಆಸೆ’ ಎಂದು ನಗುತ್ತಿದ್ದರು. ಆ ಮಾತಿಗೆ ನಾನೂ ನಗುತ್ತಿದ್ದೆ.

ಮಧ್ಯಾಹ್ನ ಕಳೆದ ಮೇಲೆ ಅಕ್ಕನ ಮನೆ ತಲುಪಿದೆ. ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡಿತ್ತು. ಭುಜ ಕೊಟ್ಟು ತಳ್ಳಬೇಕಾಯಿತು. ಹಿಡಿ ಇರುವ ಲೋಟಗಳೆಲ್ಲ ಗೂಡಿನ ಒಂದೇ ತುದಿಗೆ ಗುಂಪುಗೂಡಿ ನಿಂತಿದ್ದವು, ಯಾರೋ ಕರೆದಂತೆ.

‘ಅವು ರಾತ್ರಿ ನಡೀತಾವೆ’ ಎಂದಳು ಅಕ್ಕ. ‘ಬೆಳಿಗ್ಗೆ ನಾನು ವಾಪಸು ಕಳಿಸ್ತೀನಿ. ಬಾ, ನಿಮ್ಮ ಭಾವನ್ನ ಮಾತಾಡಿಸು.’

ಒಲೆಯ ಹಿಂದೆ, ನೆಲ ಗೋಡೆಯನ್ನು ಸೇರುವ ಕಡೆ ಬೆರಳು ತೂರುವಷ್ಟು ಸಂದು. ಅಂಗೈ ಹಿಡಿದೆ. ತಣ್ಣಗೆ, ಒದ್ದೆ ಕಲ್ಲಿನ ವಾಸನೆಯ ಗಾಳಿ ಅಂಗೈಗೆ ಬಡಿಯಿತು. ಸ್ವಲ್ಪ ಹೊತ್ತು ತಡೆದು ನಿಂತಿತು. ಮತ್ತೆ ಬಂತು. ಕೊನೆಯ ದಿನಗಳಲ್ಲಿ ಭಾವ ಉಸಿರೆಳೆಯುತ್ತಿದ್ದುದು ಹೀಗೆಯೇ, ನಡುನಡುವೆ ಮರೆತವರಂತೆ.

‘ಮಳೆ ಬರೋ ಮುಂಚೆ ಜೋರಾಗುತ್ತೆ. ಬಟ್ಟೆ ತೆಗಿ ಅಂತ’ ಎಂದಳು ಅಕ್ಕ. ‘ಬದುಕಿದ್ದಾಗಲೂ ಅದೊಂದೇ ಮನೆಗೆಲಸ ಮಾಡ್ತಿದ್ದಿದ್ದು. ಕುರ್ಚೀಲಿ ಕೂತು ಬಟ್ಟೆ ತೆಗಿ ಅಂತ ಕೂಗೋದು.’

ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ನಾನು ದೊಡ್ಡದಾಗಿ ನಕ್ಕೆ. ‘ಅಕ್ಕ, ನಾನು ಪಾತಾಳಕ್ಕೆ ಇಣುಕಿ ಬಂದವನು. ಈ ಗಾಳಿಯ ಜಾತಕ ಈಗಲೇ ಹೇಳ್ತೀನಿ. ಮನೆ ಕಟ್ಟೋಕೆ ಮುಂಚೆ ಭಾವ ನೆಲ ಕೊರೆಸಿದ್ದರಲ್ಲ, ಆ ಕಲ್ಲಿನ ಪೆಟ್ಟಿಗೆ ಎಲ್ಲಿ?’

ನೆಲದಡಿ ಗುಹೆ ಇದ್ದರೆ ಅದು ಉಸಿರಾಡುತ್ತದೆ. ಮಳೆಗೆ ಮುಂಚೆ ಹೊರಗಿನ ಗಾಳಿಯ ಒತ್ತಡ ಇಳಿದಾಗ ಒಳಗಿನ ಗಾಳಿ ಹೊರಗೆ ನುಗ್ಗುತ್ತದೆ, ಬಾನು ತಿಳಿಯಾದಾಗ ಒಳಗೆ ಎಳೆದುಕೊಳ್ಳುತ್ತದೆ. ಇದರಲ್ಲಿ ಯಾವ ಭಾವನೂ ಇಲ್ಲ. ಪೆಟ್ಟಿಗೆ ತೆರೆದು, ಕಲ್ಲಿನ ಸಾಲಿನಲ್ಲಿ ಗುಹೆಯ ಜಾಗ ತೋರಿಸಿ, ಸಂಜೆಯೊಳಗೆ ಅಕ್ಕನನ್ನು ಹೊರಡಿಸುವುದು ನನ್ನ ಲೆಕ್ಕಾಚಾರ.

ಮಂಚದಡಿಯಿಂದ ಪೆಟ್ಟಿಗೆ ಎಳೆದೆ. ಅಕ್ಕ ಅದನ್ನು ಕನ್ನಡಿಯಂತೆ ಒರೆಸಿಟ್ಟಿದ್ದಳು. ಒಳಗೆ ಬಿಳಿ ಸುಣ್ಣಕಲ್ಲು, ಮೇಲಿನದು ಮೊದಲು, ಆಳದ್ದು ಕೊನೆಗೆ, ತುಂಡಿಗೆ ತುಂಡು ಒತ್ತಿಕೊಂಡು ಮಲಗಿತ್ತು. ಮೊದಲ ಸಾಲು ಪೂರ್ತಿ. ಎರಡನೆಯದು ಪೂರ್ತಿ. ಕೊನೆಯ ಸಾಲಿನ ತುದಿಯಲ್ಲಿ ಚೂರು ಜಾಗ, ಅದು ಎಲ್ಲ ಪೆಟ್ಟಿಗೆಗಳಲ್ಲೂ ಇರುವಂಥದ್ದೇ. ನಡುವೆ ಎಲ್ಲೂ ಖಾಲಿಯೇ ಇಲ್ಲ.

ಅಂದರೆ ಮನೆಯಡಿ ಗುಹೆಯಿಲ್ಲ, ಇಡೀ ಬಂಡೆ. ಬಂಡೆ ಉಸಿರಾಡುವುದಿಲ್ಲ.

ಅಡುಗೆಮನೆಯಿಂದ ಅದು ಮತ್ತೆ ಕೇಳಿಸಿತು, ಈ ಸಲ ಎದ್ದುನಿಂತವರ ಉಸಿರಿನಂತೆ. ಜಗತ್ತಿನ ಯಾವ ಮಂತ್ರವಾದಿಯೂ ಮಾಡದ ಕೆಲಸವನ್ನು ನಾನು ಮಾಡಿದ್ದೆ: ಭೂವಿಜ್ಞಾನದ ಸಾಕ್ಷಿ ಹಾಕಿ ದೆವ್ವ ಇದೆಯೆಂದು ರುಜುವಾತು ಮಾಡಿದ್ದೆ.

‘ಏನಾಯ್ತೋ? ಮುಖ ಬಿಳಚಿಕೊಂಡಿದೆ’ ಎಂದಳು ಅಕ್ಕ.

‘ಹಸಿವು’ ಎಂದೆ.

ಅಷ್ಟರಲ್ಲಿ ಕೆಲಸ ಮುಗಿಸಿ ಅಕ್ಕನ ಮಗಳೂ ಬಂದಳು. ಅಕ್ಕ ಬಿಸಿ ಪಾತ್ರೆಯನ್ನು ಒಲೆಯಿಂದ ಇಳಿಸಿ ನಮ್ಮ ಮುಂದಿಟ್ಟಳು. ಪಾತ್ರೆಯಡಿ ಅಂಗೈ ಅಗಲದ ಒಂದು ಮರದ ತುಂಡು, ಮಸಿ ಹಿಡಿದದ್ದು. ಅದರ ಬದಿಯಲ್ಲಿ ಕೆಂಪು ಬಣ್ಣದ ಎರಡು ಅಂಕಿ.

ನನ್ನ ಕೈ ತಟ್ಟೆಯಲ್ಲೇ ನಿಂತಿತು. ಕೊರೆಯುವಾಗ ಒಮ್ಮೊಮ್ಮೆ ಸಲಾಕೆ ಕಲ್ಲು ಕಡಿಯುವುದನ್ನು ಬಿಟ್ಟು ದಡಕ್ಕನೆ ಕೆಳಗೆ ಬೀಳುತ್ತದೆ. ಅಲ್ಲಿ ಏನೂ ಇರುವುದಿಲ್ಲ. ಇಲ್ಲದ್ದನ್ನು ಪೆಟ್ಟಿಗೆಯಲ್ಲಿಡುವುದು ಹೇಗೆ? ಅದಕ್ಕೆ ನಾವು ಎರಡು ಕಲ್ಲುಗಳ ನಡುವೆ ಮರದ ತುಂಡು ಇಟ್ಟು, ಎಲ್ಲಿಂದ ಎಲ್ಲಿಯವರೆಗೆ ಖಾಲಿ ಎಂದು ಬರೆಯುತ್ತೇವೆ. ಪೆಟ್ಟಿಗೆಯಲ್ಲಿ ಕಲ್ಲಿಗಿಂತ ಮುಖ್ಯವಾದದ್ದು ಆ ಮರ.

‘ಅಕ್ಕ, ಇದು ಎಲ್ಲಿತ್ತು?’

‘ಕಲ್ಲಿನ ಪೆಟ್ಟಿಗೇಲಿ. ಅವರು ಹೋದ ಮೇಲೆ ಒಂದಿನ ಧೂಳು ಹೊಡೀತಾ ನೋಡ್ದೆ, ಮಧ್ಯೆ ಸುಮ್ನೆ ಬಿದ್ದಿತ್ತು. ಕಲ್ಲುಗಳನ್ನ ಹತ್ತಿರ ಸರಿಸಿ, ಇದನ್ನ ಅಡುಗೆಮನೆಗೆ ತಂದೆ. ಗಟ್ಟಿ ಮರ ಕಣೋ, ಎಷ್ಟು ಬಿಸಿ ಇಟ್ಟರೂ ಸುಡಲ್ಲ.’

ಅಂಕಿ ಓದಿದೆ. ನಾವು ಊಟಕ್ಕೆ ಕೂತಿದ್ದ ಕೋಣೆಯ ಕೆಳಗೆ, ಅದಕ್ಕಿಂತ ಎತ್ತರದ ಇನ್ನೊಂದು ಕೋಣೆ ಇತ್ತು. ಮೇಲೆ ದಪ್ಪ ಬಂಡೆಯ ಚಾವಣಿ ಇದ್ದದ್ದೂ ನಿಜ. ಆದರೆ ಸುಣ್ಣಕಲ್ಲು ಸಕ್ಕರೆಯ ಸೋಮಾರಿ ತಮ್ಮ. ನೀರಿನಲ್ಲಿ ಅದೂ ಕರಗುತ್ತದೆ, ಅವಸರವಿಲ್ಲ ಅಷ್ಟೇ.

‘ಕೆಳಗೆ ಗುಹೆ ಇದೆ ಅಂತ ಗೊತ್ತಿದ್ದೂ ಭಾವ ಇಲ್ಲಿ ಮನೆ ಕಟ್ಟಿದ್ರಾ?’

‘ನಮ್ಮಿಬ್ಬರ ಕಾಲಕ್ಕೆ ಸಾಕು ಅಂದಿದ್ರು’ ಎಂದಳು ಅಕ್ಕ. ‘ಅವರ ಕಾಲ ಮುಗೀತಲ್ಲ.’

ಅಕ್ಕನ ಮಗಳು ಎದ್ದವಳೇ ಸಂದಿನ ಪಕ್ಕದ ಗೋಡೆಗೆ ಒರಗಿಸಿದ್ದ ಹಿಟ್ಟಿನ ಡಬ್ಬ ಎಳೆದಳು. ಅದರ ಹಿಂದೆ ಗೋಡೆಯ ಬಿರುಕು ನನ್ನ ಸೊಂಟದವರೆಗೆ ಏರಿತ್ತು. ಬಿರುಕಿಗೆ ಅಡ್ಡಲಾಗಿ ಭಾವ ಅಂಟಿಸಿದ್ದ ಗಾಜಿನ ಪಟ್ಟಿ. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಮುರಿಯಲಿ ಎಂದು ಹೀಗೆ ಅಂಟಿಸುತ್ತಾರೆ. ಅದು ಮುರಿದಿತ್ತು. ಈಗ ಮುರಿದದ್ದಲ್ಲ, ಮುರಿದ ಅಂಚಿನಲ್ಲಿ ಒಲೆಯ ಜಿಡ್ಡು ಕೂತಿತ್ತು.

‘ಅಮ್ಮ! ಇದು ಒಡೆದ ದಿನ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡು, ಯಾಕೆ ಅಂತ ಕೇಳಬೇಡ ಅಂದಿದ್ರಲ್ಲ ಅಪ್ಪ!’

‘ಗೊತ್ತು ಕಣೇ.’

‘ಗೊತ್ತಿದ್ದೂ ಡಬ್ಬ ಇಟ್ಟು ಮುಚ್ಚಿದೆಯಾ?’

‘ಒಡೆದ ಮಾರನೇ ದಿನಾನೇ ಉಸಿರು ಶುರುವಾಯ್ತು. ಹೇಗೆ ಹೋಗಲಿ ಹೇಳು?’

ಸಂದಿನಿಂದ ಗಾಳಿ ಈಗ ಬಿಡದೆ ಬರುತ್ತಿತ್ತು. ಒಲೆಯ ಉರಿ ನಮ್ಮ ಕಡೆಗೆ ವಾಲಿತು. ಮಳೆ ಹತ್ತಿರವಿತ್ತು. ಮಳೆ ನೀರು ಆ ಸಂದು ಹೊಕ್ಕರೆ ಏನಾಗುತ್ತದೆಂದು ನನಗೆ ಗೊತ್ತು. ಇದು ಗುಹೆಯ ಗಾಳಿ ಎಂದು ಈಗ ವಿವರಿಸಬಹುದಿತ್ತು. ಅಕ್ಕನ ಮುಖ ನೋಡಿದೆ. ನಿಜ ಹೇಳಿದರೆ ಅವಳು ನನ್ನನ್ನು ನಂಬುವುದಿಲ್ಲ, ಯಾಕೆಂದರೆ ಹೇಳುತ್ತಿರುವುದು ನಾನು. ಹಾಗಾಗಿ ನನಗೆ ಬರುವ ಕೆಲಸವನ್ನೇ ಮಾಡಿದೆ.

‘ಅಕ್ಕ, ಇದು ಭಾವಂದೇ ಉಸಿರು.’

ಅಕ್ಕನ ಮಗಳು ನನ್ನನ್ನು ಕಣ್ಣಲ್ಲೇ ಬಸ್ಸಿನಡಿ ಹಾಕಿದಳು.

‘ಆದ್ರೆ ಅವರಿಗೆ ಇಲ್ಲಿ ಇಕ್ಕಟ್ಟಾಗಿದೆ. ಗಾಜು ಒಡೆದು, ಹೊರಡು ಅಂತ ಹೇಳಿದ್ರು, ನೀನು ಕೇಳಲಿಲ್ಲ. ಅದಕ್ಕೇ ಈ ಏದುಸಿರು. ಈ ಗುಹೆ ಊರಿನಡಿ ಹರಿದು ನಿನ್ನ ಮಗಳ ಮನೆ ಹಿತ್ತಲಿಗೂ ಹೋಗುತ್ತೆ. ಅಲ್ಲಿ ನಾನೇ ಒಂದು ತೂತು ಹೊಡೆದುಕೊಡ್ತೀನಿ. ನಿನಗಿಂತ ಮುಂಚೆ ಅವರು ಅಲ್ಲಿರ್ತಾರೆ.’

‘ನೀನು ಹುಟ್ಟಿದಾಗಿಂದ ಒಂದು ನಿಜ ಹೇಳಿದವನಲ್ಲ.’

‘ಎಲ್ಲಾದರೂ ಶುರು ಮಾಡಬೇಕಲ್ಲ ಅಕ್ಕ.’

ಅಕ್ಕ ನನ್ನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಬಗ್ಗಿ, ಸಂದಿಗೆ ಬಾಯಿ ಹತ್ತಿರ ತಂದು, ‘ಬರ್ತೀರಾ ತಾನೆ?’ ಎಂದಳು. ಮರದ ತುಂಡನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಹಗ್ಗದ ಮೇಲಿನ ಬಟ್ಟೆ ತೆಗೆದುಕೊಂಡಳು. ನಾವು ಬೀದಿಯ ತಿರುವು ದಾಟುವ ಮೊದಲೇ ಹನಿ ಶುರುವಾಯಿತು.

ಬೆಳಿಗ್ಗೆ ನಾನೊಬ್ಬನೇ ಹೋಗಿ ನೋಡಿದೆ. ಮನೆ ಇತ್ತು, ಅಡುಗೆಮನೆ ಇರಲಿಲ್ಲ. ಒಲೆ, ಡಬ್ಬ, ಚಾವಣಿ ಎಲ್ಲ ಸುರುಳಿ ಸುತ್ತಿಕೊಂಡು ಕತ್ತಲೊಳಗೆ ಇಳಿದಿದ್ದವು. ಉಳಿದ ಒಂದು ಗೋಡೆಯಲ್ಲಿ ಗೂಡು ಹಾಗೇ ಇತ್ತು, ಲೋಟಗಳು ತುದಿಯಲ್ಲಿ ನಿಂತು ಕೆಳಗೆ ಇಣುಕುತ್ತಿದ್ದವು.

ಆಡಿದ ಮಾತಿಗೆ ತಪ್ಪಬಾರದೆಂದು ಅಕ್ಕನ ಮಗಳ ಹಿತ್ತಲಲ್ಲಿ ಕೊರೆದೆ. ಅವಳ ಮನೆ ಊರಿನ ಇನ್ನೊಂದು ತುದಿ. ಅಲ್ಲಿ ಸುಣ್ಣಕಲ್ಲಿಲ್ಲ, ಒಂದು ಕಾಲದಲ್ಲಿ ಬೆಂಕಿಯಾಗಿದ್ದು ತಣಿದ ಕರಿಗಲ್ಲು. ನೀರೂ ನುಸುಳದ್ದು. ಎದ್ದ ಕಲ್ಲನ್ನು ನಾನೇ ಪೆಟ್ಟಿಗೆಯಲ್ಲಿ ಜೋಡಿಸಿದೆ. ತೂತಿಗೊಂದು ಕೊಳವೆ ಇಳಿಸಿ, ಪಕ್ಕದಲ್ಲಿ ಅಕ್ಕನಿಗೊಂದು ಕುರ್ಚಿ ಹಾಕಿದೆ. ಅವಳು ದಿನಾ ಅಲ್ಲಿ ಕೂತು ಏನೇನೋ ಹೇಳುತ್ತಾಳೆಂದು ಕೇಳಿ ಒಳಗೊಳಗೇ ನಕ್ಕೆ, ಸ್ವಲ್ಪ ಅತ್ತುಬಿಟ್ಟೆ ಕೂಡ.

ಮೊನ್ನೆ ಹೋಗಿದ್ದೆ. ಬಾನಿನಲ್ಲಿ ಕೈವಸ್ತ್ರದಷ್ಟೂ ಮೋಡವಿರಲಿಲ್ಲ. ಅಕ್ಕ ಕುರ್ಚಿಯಿಂದೆದ್ದು, ‘ಬಟ್ಟೆ ತೆಗಿಯೇ’ ಎಂದು ಕೂಗಿದಳು. ಮಗಳು ಮರುಮಾತಾಡದೆ ಹಗ್ಗದ ಕಡೆ ಓಡಿದಳು.

‘ನೀನೂ ನಂಬ್ತೀಯೇನೇ?’ ಎಂದೆ.

‘ಹೋಗಿ ಕೈ ಇಟ್ಟು ನೋಡು ಮಾಮ’ ಎಂದಳು. ನಗುತ್ತಿರಲಿಲ್ಲ.

ಕೊಳವೆಯ ಬಾಯಿಗೆ ಅಂಗೈ ಹಿಡಿದೆ.

ಆ ಹಿತ್ತಲಿನ ಕಲ್ಲಿನ ಪೆಟ್ಟಿಗೆ ನನ್ನ ಹತ್ತಿರವೇ ಇದೆ, ಯಾರು ಬೇಕಾದರೂ ಬಂದು ನೋಡಬಹುದು. ತುದಿಯಿಂದ ತುದಿಗೆ ಕರಿಗಲ್ಲು. ಮರದ ತುಂಡು ಇಡಲು ಒಂದು ಬೆರಳಿನಷ್ಟು ಜಾಗವಿಲ್ಲ. ಅಂಗೈ ಮಾತ್ರ ಇನ್ನೂ ತಣ್ಣಗಿದೆ.