ಅಡ್ಡ ಹಿಡಿದ ಹಗ್ಗ

ಮಾರ್ಚ್‌ನ ಮೂರನೆಯ ಸೋಮವಾರ, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಉತ್ತರ ಮಿನೆಸೋಟದ ಒಂದು ಕೆರೆಯ ಮಂಜುಗಡ್ಡೆಯ ಮೇಲೆ, ದಡಕ್ಕೆ ಅರವತ್ತು ಹೆಜ್ಜೆ ಇರುವಾಗ, ಆರ್ವಿಡ್ ಹೌಗನ್‌ನ ಕಾಲುಗಳು ನಿಂತುಬಿಟ್ಟವು.

ಚಳಿಗಾಲವಿಡೀ ಮಂಜುಗಡ್ಡೆಯ ಮೇಲೆ ನಿಲ್ಲಿಸಿ, ತೂತು ಕೊರೆದು ಮೀನು ಹಿಡಿಯುವ ಗುಡಿಸಲುಗಳನ್ನು ಕೆರೆಯಿಂದ ತೆಗೆಯಲು ಕಾನೂನಿನಂತೆ ಅಂದೇ ಕಡೆಯ ದಿನ. ಊರವರೆಲ್ಲ ಹಿಂದಿನ ವಾರವೇ ಎಳೆದೊಯ್ದಿದ್ದರು. ಆರ್ವಿಡ್ ಮಾತ್ರ "ಇನ್ನೂ ಎರಡಡಿ ದಪ್ಪ ಇದೆ, ಲಾರಿ ಓಡಿಸ್ಬಹುದು" ಎಂದು ಕೊನೆಯ ಭಾನುವಾರದ ಮೀನಿಗೂ ಕಾದಿದ್ದ. ಗಡ್ಡೆಗೆ ಕಚ್ಚಿಕೊಂಡಿದ್ದ ಗುಡಿಸಲಿನ ಅಡಿಯನ್ನು ಸಡಿಲಿಸಿ ಮರಳುವಾಗ ಬಂದೂಕು ಹಾರಿದಂಥ ಸದ್ದಾಯಿತು. ಅವನ ಹಿಂದೆ ಬಿರುಕು ಬಿಟ್ಟು ನೀರು ಜಿನುಗತೊಡಗಿತು.

"ಭಾವಾ, ಬೇಗ ಬಾ ಮಾರಾಯ!" ದಡದಿಂದ ಹೆಂಡತಿಯ ತಮ್ಮ ಟಾಯ್ವೊ ಕೂಗಿದ.

"ಕಿರುಚಬೇಡ್ವೋ," ಅಕ್ಕ ವರ್ನಾ ಗದರಿದಳು. "ಅವಸರ ಮಾಡಿದಷ್ಟೂ ಅವರ ಕಾಲು ಕಚ್ಕೊಳ್ಳುತ್ತೆ."

ಆರ್ವಿಡ್‌ಗೆ ಆರು ವರ್ಷದಿಂದ ಪಾರ್ಕಿನ್ಸನ್ ಕಾಯಿಲೆ. ಕಾಲಲ್ಲಿ ಬಲವಿತ್ತು, ಮಿದುಳಿನ ಅಪ್ಪಣೆ ನಡುದಾರಿಯಲ್ಲೇ ನಿಲ್ಲುತ್ತಿತ್ತು. ಕಣ್ಣಿಗೆ ದಾಟುವಂಥದ್ದೇನಾದರೂ ಕಂಡರೆ ಮತ್ತೆ ಹೊರಡುತ್ತಿತ್ತು. ಅದಕ್ಕೇ ವರ್ನಾ ಅಡುಗೆಮನೆಯ ನೆಲಕ್ಕೆ ಹೆಜ್ಜೆಗೊಂದರಂತೆ ಕೆಂಪು ಪಟ್ಟಿ ಅಂಟಿಸಿದ್ದಳು. ಇಲ್ಲಿ ಎತ್ತ ನೋಡಿದರೂ ಬರೀ ಬಿಳುಪು.

ಗುಡಿಸಲು ಎಳೆಯಲು ತಂದಿದ್ದ ಹಳದಿ ಹಗ್ಗ ಟಾಯ್ವೊನ ಕೈಲಿತ್ತು. "ಎಸೀತೀನಿ ಅಕ್ಕಾ. ಸೊಂಟಕ್ಕೆ ಕಟ್ಕೊಳ್ಳಲಿ, ಎಳೆದುಬಿಡೋಣ."

"ಎಳೆದ್ರೆ ಮುಖ ಅಡಿಯಾಗಿ ಬೀಳ್ತಾರೆ. ಬಿದ್ದ ಏಟಿಗೆ ಗಡ್ಡೆ ಒಡೆದ್ರೆ? ಆ ತುದಿ ನೀನು ಹಿಡ್ಕೋ, ಈ ತುದಿ ನಂಗೆ ಕೊಡು. ದೂರ ದೂರ ನಡಿ. ಹತ್ರ ಬಂದೀಯ ಜೋಕೆ!"

ಇಬ್ಬರೂ ಹಗ್ಗವನ್ನು ಬಿಗಿಯಾಗಿ ಹಿಡಿದು, ನಡುವೆ ನಲವತ್ತಡಿ ಬಿಟ್ಟು, ಗಡ್ಡೆಯ ಮೇಲೆ ನಡೆದರು. ವರ್ನಾಳ ಕಾಲಡಿಯಲ್ಲೂ ಏನೋ ಮುರಿದ ಸದ್ದು. ಅವಳು ನಿಲ್ಲಲಿಲ್ಲ. ನೀರು ಆರ್ವಿಡ್‌ನ ಹಿಮ್ಮಡಿ ಮುಟ್ಟಿತ್ತು. ಅವನ ಮಂಡಿಗಳು ಗಡಗಡ ನಡುಗುತ್ತಿದ್ದವು, ಅಂಗಾಲು ಮಾತ್ರ ಏಳುತ್ತಿರಲಿಲ್ಲ.

"ತಲೆ ಹೋಗು ಅಂತಿದೆ ಕಣೇ," ಅವನ ದನಿ ಕ್ಷೀಣವಾಗಿತ್ತು. "ಕಾಲಿಗೆ ಕಿವುಡು."

"ಕಿವುಡಿದ್ರೆ ಇರಲಿ, ಕಣ್ಣಿದೆಯಲ್ಲ." ಹಗ್ಗವನ್ನು ಅವನ ಬೂಟಿನ ಮುಂದೆ, ಗೇಣು ದೂರದಲ್ಲಿ, ಅಡ್ಡಲಾಗಿ ನೆಲಕ್ಕೆ ಇಳಿಸಿದರು. "ನಮ್ಮ ಅಡುಗೆಮನೆ ಪಟ್ಟಿ ಇದು. ಒಲೆ ಮೇಲೆ ಕಾಫಿ ಉಕ್ತಿದೆ. ದಾಟಿ."

ಅವನು ಹಗ್ಗವನ್ನೇ ದಿಟ್ಟಿಸಿದ. ಹಿಂದೆ ಇನ್ನೊಂದು ಸದ್ದು. ಟಾಯ್ವೊ ತನ್ನ ತುದಿಯನ್ನು ಅಲುಗದಂತೆ ಒತ್ತಿ ಹಿಡಿದ.

ಬಲಗಾಲು ಎದ್ದಿತು. ಹಗ್ಗ ದಾಟಿತು. ಎಡಗಾಲು ಹಿಂಬಾಲಿಸಿತು.

"ನಿಲ್ಬೇಡಿ, ಎಣಿಸಿ!" ವರ್ನಾ ತಾನೇ ಒಂದು, ಎರಡು ಎಂದು ಎಣಿಸತೊಡಗಿದಳು. ಅರವತ್ತಮೂರಕ್ಕೆ ಆರ್ವಿಡ್ ದಡದ ಕೆಸರು ಮುಟ್ಟಿದ.

ಮರುದಿನ ಬೆಳಿಗ್ಗೆ ಗುಡಿಸಲಿನ ತಗಡಿನ ಛಾವಣಿ ಮಾತ್ರ ನೀರಿನ ಮೇಲೆ ಕಾಣುತ್ತಿತ್ತು.