ಎರಡೂವರೆ ಮೀಟರಿನ ಕೊರತೆ

ಗಂಡಸರು ಪ್ಯಾಂಟನ್ನು ಎಲ್ಲಿ ನಿಂತು ಬದಲಿಸಬೇಕು ಎಂಬುದು ನಾಗರಿಕತೆಯ ಮೂಲಭೂತ ಪ್ರಶ್ನೆಗಳಲ್ಲೊಂದು. ಬವೇರಿಯಾದ ನಮ್ಮ ಕಿರ್ನ್‌ಬಾಖ್, ಇನ್ನೂರ ಹದಿನಾಲ್ಕು ಜನರೂ ಅದಕ್ಕಿಂತ ಹೆಚ್ಚು ಹಸುಗಳೂ ಇರುವ ಊರು, ಈ ಪ್ರಶ್ನೆಯನ್ನು ಕೇಳಿಕೊಳ್ಳದೆಯೇ ಅರವತ್ತು ವರ್ಷ ಬದುಕಿತ್ತು. ಸೈರನ್ ಕೂಗಿದೊಡನೆ ನಾವು, ಊರಿನ ಸ್ವಯಂಸೇವಕ ಅಗ್ನಿಶಾಮಕರು, ಕೈಗೆಲಸ ಬಿಟ್ಟು ಠಾಣೆಗೆ ಓಡುತ್ತಿದ್ದೆವು. ಗಾಡಿಗೂ ಗೋಡೆಗೂ ನಡುವಿನ ಗೇಣಗಲದಲ್ಲಿ ಹೊಟ್ಟೆ ಒಳಗೆಳೆದುಕೊಂಡು, ಗೂಟದಲ್ಲಿ ತೂಗುತ್ತಿದ್ದ ದಪ್ಪ ಪ್ಯಾಂಟಿಗೆ ಕಾಲು ತೂರಿಸುತ್ತಿದ್ದೆವು. ಅಷ್ಟರಲ್ಲಿ ಯಾರಾದರೊಬ್ಬ ಗಾಡಿ ಚಾಲೂ ಮಾಡಿರುತ್ತಿದ್ದ. ಅಲೋಯಿಸ್‌ನ ಒಂದು ಕಾಲ್ಬೆರಳನ್ನು ಬಿಟ್ಟರೆ ಈ ಪದ್ಧತಿಯಿಂದ ಯಾರಿಗೂ ನಷ್ಟವಾಗಿರಲಿಲ್ಲ.

ಮಾರ್ಚ್ ತಿಂಗಳಲ್ಲಿ ಸುರಕ್ಷತಾ ಪರೀಕ್ಷಕ ಪೋಲ್ ಬಂದರು. ಉತ್ತರದ ಕಡೆಯವರು, ನಗುವನ್ನು ನಿವೃತ್ತಿಗೆಂದು ಉಳಿತಾಯ ಮಾಡಿಟ್ಟವರು. ಗೇಣಗಲವನ್ನು ಟೇಪು ಹಿಡಿದು ಅಳೆದರು.

"ಇಲ್ಲಿ ಬಟ್ಟೆ ಬದಲಿಸೋದು ನಿಷಿದ್ಧ. ಒಂದೋ ನಿಯಮದ ಪ್ರಕಾರ ಹೊಸ ಠಾಣೆ ಕಟ್ಟಿ, ಇಲ್ಲಾಂದ್ರೆ ಡಾಟಿಂಗ್ ಠಾಣೆ ಜತೆ ಸೇರ್ಕೊಳ್ಳಿ."

ನಮ್ಮ ದಳಪತಿ ವೀಟಸ್‌ನ ಮುಖ ಒಡೆದ ಹಾಲಿನಂತಾಯಿತು. ಪಕ್ಕದೂರಿನ ಡಾಟಿಂಗ್‌ನವರೆಂದರೆ ನಮ್ಮ ಮೇ ಹಬ್ಬದ ಕಂಬವನ್ನು ಎರಡು ಸಲ ಕದ್ದೊಯ್ದು, ಬಿಡಿಸಿಕೊಳ್ಳಲು ಹೋದ ನಮ್ಮಿಂದ ಪೀಪಾಯಿಗಟ್ಟಲೆ ಬಿಯರ್ ಕಕ್ಕಿಸಿದವರು.

"ಅವರ ಕೈಕೆಳಗೆ ಪೈಪು ಹಿಡಿಯೋದಾ?" ಎಂದ ವೀಟಸ್. "ಅದಕ್ಕಿಂತ ಬೆಂಕೀಲೇ ಬೀಳ್ತೀನಿ."

ನಿಯಮಪುಸ್ತಕ ಬಂತು. ಬಾಗಿಲು ಇಷ್ಟು ಅಗಲ, ಇಷ್ಟು ಎತ್ತರ. ಗಾಡಿಯ ಸುತ್ತ ನಾಲ್ಕೂ ಕಡೆ ಇಷ್ಟು ಜಾಗ. ಹನ್ನೆರಡು ಕಾರು ನಿಲ್ಲಲು ಅಂಗಳ. ಓಡಿಬರುವವರ ದಾರಿ ಹೊರಡುವ ಗಾಡಿಯ ದಾರಿಗೆ ಅಡ್ಡಬರಕೂಡದು. ಊರಿಗಿರುವುದು ಒಂದೇ ರಸ್ತೆ. ಅದರಲ್ಲಿ ಒಬ್ಬರಿಗೊಬ್ಬರು ಎದುರಾಗದೆ ನಡೆಯುವ ವಿದ್ಯೆಯನ್ನು ಮಾತುಬಿಟ್ಟ ನಾಲ್ಕು ಮನೆಯವರು ಮಾತ್ರ ಮೊದಲೇ ಕಲಿತಿದ್ದರು. ಅಂದಾಜು ಖರ್ಚು ಆರೂವರೆ ಲಕ್ಷ ಯೂರೋ. ಗಾಡಿ ನಿಲ್ಲುವ ಅಂಕಣಕ್ಕೆ ಇಷ್ಟೆಂದು ಸರ್ಕಾರ ಕೊಡುತ್ತದೆ, ಉಳಿದದ್ದಕ್ಕೆ ಪಂಚಾಯಿತಿ ತಲೆ ಕೆರೆದುಕೊಳ್ಳುತ್ತದೆ, ಕೆರೆದರೂ ಸಿಗದದ್ದನ್ನು ನಮ್ಮ ಶನಿವಾರಗಳು ಮತ್ತು ಸೊಂಟಗಳು ತುಂಬಬೇಕು. ಸೊಂಟಗಳು ಸಿದ್ಧವಿದ್ದವು. ಇಲ್ಲದ್ದು ಜಾಗ. ಠಾಣೆಯ ಹಿಂದಿದ್ದ ಒಂದು ಪಟ್ಟಿ ನೆಲ, ಊರೆಲ್ಲ ಬುರ್ಗಾ ಎಂದು ಕರೆಯುವ ವಾಲ್ಬುರ್ಗಾಳದು.

ವೀಟಸ್ ಹೋದಾಗ ಬುರ್ಗಾ ತನ್ನ ಹಾಲಿನ ಟ್ಯಾಂಕರಿನ ಗಾಜು ಒರೆಸುತ್ತಿದ್ದಳು.

"ಬುರ್ಗಾ, ಊರಿನ ಮಾನ ನಿನ್ನ ಕೈಲಿದೆ."

"ನನ್ನ ಕೈಲಿರೋದು ಒದ್ದೆ ಬಟ್ಟೆ. ವಿಷಯಕ್ಕೆ ಬಾ."

"ಆ ಹಿಂದಿನ ಜಾಗ..."

"ತಗೋ. ಬಿಟ್ಟಿ ಕೊಡ್ತೀನಿ. ನನ್ನ ದಳಕ್ಕೆ ಸೇರಿಸ್ಕೋ."

"ಮತ್ತೆ ಶುರು ಹಚ್ಚಿದ್ಯಾ?"

"ಎರಡು ಸಲ ಅರ್ಜಿ ಹಾಕ್ದೆ. ಹೆಂಗಸ್ರಿಗೆ ಬಟ್ಟೆ ಬದಲಿಸೋಕೆ ಜಾಗ ಇಲ್ಲ ಅಂದೆ ನೀನು. ಈಗ ನಿಮಗೂ ಇಲ್ವಂತಲ್ಲಪ್ಪ!"

"ನಿಂಗೆ ಐವತ್ತೇಳು ಕಣೇ."

"ಅರವತ್ತೈದರ ತನಕ ಕಾನೂನು ಬಿಡುತ್ತೆ. ಹಗಲೊತ್ತು ನೀವೆಲ್ಲ ಪಟ್ಟಣದ ಕಾರ್ಖಾನೇಲಿ. ಹಾಲು ಹಾಕಿ ಒಂಬತ್ತಕ್ಕೆಲ್ಲ ಊರಿಗೆ ಬರೋಳು ನಾನೊಬ್ಳೇ. ಹೋದ ಬೇಸಿಗೇಲಿ ಷೋಬರ್ ಮನೆ ಕೊಟ್ಟಿಗೆ ಉರಿದಾಗ ಗಾಡಿ ಒಳಗೇ ಇತ್ತು, ಓಡ್ಸೋರಿಲ್ಲ. ಇಪ್ಪತ್ತಾರು ವರ್ಷ ಟ್ಯಾಂಕರ್ ಓಡ್ಸಿದೋಳು ಬೀದೀಲಿ ನಿಂತು ನೋಡ್ದೆ. ಆ ಹಸುಗಳ ಕೂಗು ಇನ್ನೂ ಕಿವೀಲಿದೆ ಕಣೋ."

ಇದನ್ನು ಆಕೆ ನಗದೆ ಹೇಳಿದಳು. ವೀಟಸ್ ಕೈ ಚಾಚಿದ. ಒದ್ದೆ ಬಟ್ಟೆಯ ಸಮೇತ ಕೈಕುಲುಕಾಯಿತು.

ಮುಂದಿನ ತಿಂಗಳು ಗಾಡಿಯನ್ನು ಹೊರಗೆ ನಿಲ್ಲಿಸಿ ಠಾಣೆಯೊಳಗೆ ಸಭೆ ಸೇರಿದೆವು. ಪೋಲ್ ನಕ್ಷೆ ಹರಡಿದರು. ಬುರ್ಗಾಳ ಹೆಸರನ್ನು ಪಟ್ಟಿಯಲ್ಲಿ ಕಂಡು ತಲೆದೂಗಿದರು.

"ಮಹಿಳೆ ಸೇರಿದಾರೆ, ಸಂತೋಷ. ಹಾಗಾದ್ರೆ ಅವರಿಗೆ ಬೇರೆ ಕೋಣೆ, ಬೇರೆ ಸ್ನಾನ, ಬೇರೆ ಶೌಚ. ಕಟ್ಟಡ ಎರಡೂವರೆ ಮೀಟರ್ ಉದ್ದ ಆಗುತ್ತೆ. ಜಾಗ ಎರಡೂವರೆ ಮೀಟರ್ ಸಾಲದು."

"ಅವಳಿಲ್ದಿದ್ರೆ?" ಅಲೋಯಿಸ್ ಕೇಳಿದ.

"ಮಹಿಳೆಯರಿಲ್ಲದ ದಳಕ್ಕೆ ಈ ಕೋಣೆ ಬೇಕಿಲ್ಲ. ಸರಿಯಾಗಿ ಹಿಡಿಸುತ್ತೆ."

ನಾವು ಲೆಕ್ಕ ಹಾಕಿದೆವು. ಬುರ್ಗಾ ಇದ್ದರೆ ಜಾಗ ಸಾಲದು. ಬುರ್ಗಾ ಇಲ್ಲದಿದ್ದರೆ ಜಾಗವೇ ಇಲ್ಲ.

"ಕಾಗದದ ಮೇಲೆ ಅವಳ್ನ ಗಂಡ್ಸು ಅಂತ ಬರ್ಕೊಂಡ್ರೆ?" ಎಂದ ಅಲೋಯಿಸ್.

"ನಿನ್ನನ್ನ ಗಂಡ್ಸು ಅಂತ ಬರೆದೋರು ಯಾವ ಧೈರ್ಯದ ಮೇಲೆ ಬರೆದ್ರೋ," ಎಂದಳು ಬುರ್ಗಾ. ನಂತರ ಹಿಂದಿನ ಕಿಟಕಿಯತ್ತ ಕೈ ತೋರಿದಳು. "ಆ ಮರ ಕಡಿದ್ರೆ ಮೂರು ಮೀಟರ್ ಸಿಗುತ್ತೆ."

ಅದು ಪಟ್ಟಿ ನೆಲದ ಅಂಚಿಗಿದ್ದ ಬುರ್ಗಾಳ ಪ್ಲಮ್ ಮರ. ಬುರ್ಗಾ ಅದರ ಹಣ್ಣಿನಿಂದ ಇಳಿಸುವ ಸಾರಾಯಿ ಪ್ರತಿ ಕವಾಯತಿನ ಕೊನೆಗೆ ನಮ್ಮ ಗಂಟಲಿಗೆ ಇಳಿಯುತ್ತಿತ್ತು. ಬಿಸಿಲಿಗೆ ಅಡ್ಡವೆಂದು ತನ್ನ ಹಿತ್ತಿಲಿನ ಓಕ್ ಮರವನ್ನೇ ಉರುಳಿಸಿದ್ದ ಅಲೋಯಿಸ್ ಎದ್ದು ನಿಂತು, ಪ್ರಕೃತಿಯ ಪರವಾಗಿ ಗದ್ಗದ ಕಂಠದಿಂದ ಮಾತಾಡಿದ.

"ಜೇನುಹುಳಗಳ ಗತಿ ಏನಯ್ಯಾ? ಹಕ್ಕಿಗಳು?"

"ನಾವು ಸ್ನಾನ ಮನೇಲೇ ಮಾಡ್ಕೋತೀವಿ, ನಮ್ಮ ಸ್ನಾನದ ಕೋಣೆ ತೆಗೆದುಬಿಡಿ," ಎಂದ ಇನ್ನೊಬ್ಬ.

"ಮಸಿ ಬಟ್ಟೇಲಿ ಮನೆಗೆ ಹೋಗೋ ಹಾಗಿಲ್ಲ," ಎಂದರು ಪೋಲ್.

ಕಟ್ಟಡವನ್ನು ಓರೆಯಾಗಿ ತಿರುಗಿಸುವುದು, ಮರವನ್ನು ಒಳಗೇ ಬಿಟ್ಟು ಸುತ್ತ ಗೋಡೆ ಎಬ್ಬಿಸುವುದು, ಎಲ್ಲ ಚರ್ಚೆಯಾಯಿತು. ಕೊನೆಗೆ ಯಾರೋ ಮೆಲ್ಲಗೆ, ಡಾಟಿಂಗ್‌ನವರೂ ಅಷ್ಟೇನು ಕೆಟ್ಟವರಲ್ಲ ಎಂದರು. ವೀಟಸ್ ಮೇಜು ಗುದ್ದಿದ.

"ಹಾಗಾದ್ರೆ ಮತಕ್ಕೆ ಹಾಕೋಣ! ಮರ ಇರ್ಬೇಕು ಅನ್ನೋರು ಕೈಯೆತ್ತಿ."

ಒಂಬತ್ತು ಕೈಗಳು ಅರ್ಧ ಎತ್ತರಕ್ಕೆ ಏರಿರಬಹುದು. ಆಗ ಹಿಂದಿನಿಂದ ಯಂತ್ರದ ಗರಗಸದ ಸದ್ದು ಕೇಳಿತು. ಬುರ್ಗಾಳ ಕುರ್ಚಿ ಖಾಲಿಯಿತ್ತು. ವೀಟಸ್ ಕಿಟಕಿ ತೆರೆದು ಕೂಗಿದ:

"ಬುರ್ಗಾ! ಇನ್ನೂ ಮತ ಎಣಿಸಿಲ್ಲ ಕಣೇ!"

ಆಕೆ ಗರಗಸ ನಿಲ್ಲಿಸಿದಳು. "ನಾನು ಹಾಕಾಯ್ತು. ಹಗ್ಗ ಹಿಡ್ಕೊಳೋಕೆ ಯಾರಾದ್ರೂ ಬನ್ನಿ, ಇಲ್ಲಾಂದ್ರೆ ನಿಮ್ಮ ಸೂರಿನ ಮೇಲೇ ಬೀಳುತ್ತೆ."

ವೀಟಸ್ ಹೋಗಿ ಹಗ್ಗ ಹಿಡಿದ.

ಹೊಸ ಠಾಣೆ ಮರುವರ್ಷ ಅಕ್ಟೋಬರಿನಲ್ಲಿ ತೆರೆಯಿತು. ಖರ್ಚು ಏಳು ಲಕ್ಷ ದಾಟಿತು. ಹಗಲು ಹೊತ್ತಿನಲ್ಲಿ ಗಾಡಿ ಓಡಿಸುವವಳು ಬುರ್ಗಾ.